ಹುಕ್ಕೇರಿಯ ದವಾಖಾನೆಯೂ ನನ್ನ ಹತ್ತು ಬೆರಳುಗಳೂ

ನಾನು ಎಲ್ಲಿ ಕುಳಿತರೂ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂರುತ್ತೇನೆ. ಕಂಡವರು ಬಹಳ ವಿನಯದ ಹೆಂಗಸು ಎಂದುಕೊಳ್ಳುತ್ತಾರೆ. ಮದುವೆಮನೆಗಳಲ್ಲಿ ನನ್ನನ್ನು ತೋರಿಸಿ ಹುಡುಗಿಯರಿಗೆ ಬುದ್ಧಿ ಹೇಳಿದ್ದೂ ಉಂಟು. ನಾನು ಸುಮ್ಮನಿರುತ್ತೇನೆ. ಪುಕ್ಕಟೆ ಸಿಕ್ಕ ಒಳ್ಳೆಯ ಹೆಸರನ್ನು ಯಾರು ಬಿಟ್ಟುಕೊಡುತ್ತಾರೆ? ನಿಜ ಹೇಳಬೇಕೆಂದರೆ ವಿನಯಕ್ಕೂ ನನಗೂ ಅಂಥ ಗೆಳೆತನವಿಲ್ಲ. ನರ್ಸಾದ ಮೊದಲ ವರ್ಷ ಈ ಕೈಗಳನ್ನು ಊರವರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ತಿರುಗಿದವಳು ನಾನು. ಕೈ ವಾಸಿಯಾಯಿತು, ಬಚ್ಚಿಡುವ ಚಟ ಮಾತ್ರ ಉಳಿಯಿತು.

ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಮೂಡಲಗಿಯಲ್ಲಿ ನಮ್ಮ ತಂದೆ ಕನ್ನಡ ಶಾಲೆಯ ಮಾಸ್ತರರು. ಹುಡುಗಿಯನ್ನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೆ ಓದಿಸಿದ್ದೇ ಊರಿಗೆ ಸೋಜಿಗವಾಗಿತ್ತು. ಅದರ ಮೇಲೆ ನರ್ಸಿನ ಕೆಲಸ ಕಲಿಯಲು ಎರಡು ವರ್ಷ ಪರವೂರಿಗೆ ಕಳಿಸಿದಾಗ ನಮ್ಮ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಒಂದು ವಾರ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. "ಮಂದೀ ಹುಣ್ಣ ತೊಳ್ಯಾಕ ಇಷ್ಟೆಲ್ಲಾ ಓದಬೇಕಾಗಿತ್ತೇನು?" ಎಂದು ಬೀದಿಯಲ್ಲಿ ಕೇಳಿದಳಂತೆ. ಅವಳ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು. ಅದನ್ನು ಹೇಳುವ ಧೈರ್ಯ ಇರಲಿಲ್ಲ.

ಕಲಿತು ಮುಗಿಸಿದ ಮೇಲೆ ಹುಕ್ಕೇರಿಯಲ್ಲಿ ಒಬ್ಬ ವ್ಯಾಪಾರಸ್ಥರು ತಮ್ಮ ತಾಯಿಯ ನೆನಪಿಗೆ ಕಟ್ಟಿಸಿದ್ದ ಧರ್ಮಾರ್ಥ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆ, ಒಂದು ಪಡಸಾಲೆ, ಆರು ಮಂಚ. ಅಲ್ಲಿದ್ದ ಡಾಕ್ಟರರು ಕೆಲಸ ಬಿಟ್ಟುಹೋಗಿ ಹೊಸಬರು ಇನ್ನೂ ಬಂದಿರಲಿಲ್ಲ. ಹಾಗಾಗಿ ದವಾಖಾನೆ ಎಂದರೆ ನಾನು ಮತ್ತು ಗಂಗವ್ವ. ಗಂಗವ್ವ ಅಲ್ಲಿಯ ಆಯಾ. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹನ್ನೆರಡು ವರ್ಷದಿಂದ ಔಷಧದ ನೀರಿನಿಂದ ಅಲ್ಲಿಯ ನೆಲ ಒರೆಸಿ, ಬಟ್ಟೆ ಒಗೆದು, ಪಾತ್ರೆ ಕುದಿಸಿ ಅವಳ ಅಂಗೈ ಚಕ್ಕಡಿಯ ಹಲಗೆಯಷ್ಟು ಗಟ್ಟಿಯಾಗಿತ್ತು. ಮೊದಲ ದಿನ ನನ್ನ ಕೈ ಹಿಡಿದು ನೋಡಿ, "ಎಷ್ಟ ಮೆತ್ತಗ ಅದಾವು ಬಾಯಾರ. ಇವು ಇಲ್ಲಿ ಉಳಿಯೂದಿಲ್ಲ," ಎಂದಳು. ಹೊಗಳಿದಳೆಂದೇ ತಿಳಿದೆ.

ಹೊಸ ನರ್ಸಿನ ಉತ್ಸಾಹದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಸದಾಗಿ ದೀಕ್ಷೆ ಪಡೆದವರು ಹಳಬರಿಗಿಂತ ದಪ್ಪಗೆ ವಿಭೂತಿ ಹಚ್ಚುವಂತೆ ನಾನು ಕಾರ್ಬಾಲಿಕ್ ಲೋಷನ್ ಬೆರೆಸುತ್ತಿದ್ದೆ. ಕ್ರಿಮಿಗಳನ್ನು ಕೊಲ್ಲುವ ಔಷಧ ಅದು, ಬಾಟ್ಲಿ ತೆಗೆದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಕಲಿತ ಕಡೆ ಅದನ್ನು ಅಳತೆ ಮಾಡಿ ನೀರಿಗೆ ಬೆರೆಸಲು ಕಂಪೌಂಡರರಿದ್ದರು. ಇಲ್ಲಿ ಬೆರೆಸುವವಳೂ ನಾನೇ, ಕೈ ಅದ್ದುವವಳೂ ನಾನೇ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಒಂದು ಚಮಚ ಹೆಚ್ಚಿಗೆ ಹಾಕಿದರೆ ಕ್ರಿಮಿಗಳು ಒಂದು ಚಮಚ ಹೆಚ್ಚಿಗೆ ಸತ್ತಾವು ಎಂಬುದು ನನ್ನ ಲೆಕ್ಕ. ದಿನಕ್ಕೆ ಇಪ್ಪತ್ತು ಸಲ ಮೊಣಕೈವರೆಗೆ ಅದ್ದುತ್ತಿದ್ದೆ. ರೋಗಿ ಇಲ್ಲದಿದ್ದರೂ ಅದ್ದುತ್ತಿದ್ದೆ.

ಮೂರನೆಯ ವಾರ ಬೆರಳ ಸಂದಿಯಲ್ಲಿ ಕೆಂಪಗೆ ಸಣ್ಣ ಗುಳ್ಳೆಗಳು ಎದ್ದವು. ಒಂದು ವಾರದಲ್ಲಿ ಅವು ಒಡೆದು, ಚರ್ಮ ಬಿರಿದು, ಮಣಿಕಟ್ಟಿನ ತನಕ ಏರಿದವು. ಒಂದು ದಿನ ಬೆಳಗ್ಗೆ ಹೆಬ್ಬೆರಳ ಬುಡದಲ್ಲಿ ಬಣ್ಣ ಕಳೆದುಕೊಂಡ ಒಂದು ಬಿಳಿ ಮಚ್ಚೆ ಕಂಡಿತು. ನಿಂತಲ್ಲೇ ಕುಳಿತುಬಿಟ್ಟೆ. ಆ ಕಾಲದಲ್ಲಿ ಬಿಳಿ ಮಚ್ಚೆ ಎಂದರೆ ಮಂದಿಯ ಬಾಯಿಗೆ ಬರುವುದು ಒಂದೇ ಹೆಸರು. ಆ ಹೆಸರನ್ನೂ ಪೂರ್ತಿ ಹೇಳುತ್ತಿರಲಿಲ್ಲ, 'ದೊಡ್ಡ ರೋಗ' ಎಂದು ತಗ್ಗಿದ ದನಿಯಲ್ಲಿ ಅನ್ನುತ್ತಿದ್ದರು.

ಕುಷ್ಠ ಬಂದ ಚರ್ಮಕ್ಕೆ ಸೂಜಿ ಚುಚ್ಚಿದರೆ ತಿಳಿಯುವುದಿಲ್ಲ ಎಂದು ನಮಗೆ ಕಲಿಸಿದ್ದರು. ಮರುದಿನದಿಂದ ಬೆಳಗ್ಗೆ ಎದ್ದೊಡನೆ ನನ್ನ ಮೊದಲ ಕೆಲಸ, ಹತ್ತು ಬೆರಳಿಗೂ ಸೂಜಿ ಚುಚ್ಚಿಕೊಳ್ಳುವುದು. ಒಂದೊಂದು ಚುಚ್ಚಿಗೂ 'ಹಾ' ಎಂದು ನೋವಾದಾಗ ಎಂಥ ಸಂತೋಷ. ಹತ್ತು ಸಲ ನೋವಾದರೆ ಆ ದಿನ ಒಳ್ಳೆಯದು. ಜಗತ್ತಿನಲ್ಲಿ ಮಂದಿ ನೋವು ಹೋಗಲೆಂದು ದೇವರಿಗೆ ಬೇಡುತ್ತಾರೆ, ನಾನು ನೋವು ಇರಲೆಂದು ಬೇಡುತ್ತಿದ್ದೆ. ಮೊದಲೇ ಬಿರಿದ ಕೈಗೆ ದಿನಾ ಹತ್ತು ತೂತು ಹೆಚ್ಚಿಗೆ ಮಾಡುತ್ತಿದ್ದೇನೆ ಎಂಬುದು ಮಾತ್ರ ಹೊಳೆಯಲಿಲ್ಲ.

ನಡುವೆ ಎರಡು ದಿನದ ಮಟ್ಟಿಗೆ ಮೂಡಲಗಿಗೆ ಹೋದೆ. ಅವ್ವ ರೊಟ್ಟಿ ಹಾಕಲು ಬಂದವಳು ತಟ್ಟೆಯ ಮುಂದಿನ ನನ್ನ ಕೈ ನೋಡಿದಳು. ರೊಟ್ಟಿ ಅವಳ ಕೈಯಲ್ಲೇ ಉಳಿಯಿತು. "ಏನ ಇದು?" ಎಂದಳು. "ಔಷಧ ತಾಗಿರಬೇಕು," ಎಂದೆ. ಅವ್ವ ಒಳಗೆ ಹೋಗಿ ತಾಮ್ರದ ತಟ್ಟೆಯಲ್ಲಿ ಆಕಳ ತುಪ್ಪ ಹಾಕಿ, ನೀರು ಹನಿಸಿ ಅಂಗೈಯಿಂದ ತಿಕ್ಕಿ, ಆ ನೀರು ಚೆಲ್ಲಿ, ಮತ್ತೆ ಹೊಸ ನೀರು ಹಾಕಿ ತಿಕ್ಕತೊಡಗಿದಳು. ನೂರು ಸಲ ತೊಳೆದ ತುಪ್ಪ ಚರ್ಮದ ಉರಿಗೆ ಹಳೆಯ ಔಷಧ. ವೈದ್ಯರ ಶಾಸ್ತ್ರದಲ್ಲಿ ಅದಕ್ಕೆ ಶತಧೌತ ಘೃತವೆಂಬ ದೊಡ್ಡ ಹೆಸರಿದೆ. ಅವ್ವನಿಗೆ ಹೆಸರು ಗೊತ್ತಿರಲಿಲ್ಲ, ನೂರು ಎಣಿಸಲು ಬರುತ್ತಿತ್ತು. ಬೆಣ್ಣೆಗಿಂತ ಬೆಳ್ಳಗಾದ ಆ ತುಪ್ಪವನ್ನು ಡಬ್ಬಿಗೆ ತುಂಬಿ ಕೊಡುವಾಗ, "ಕಾಕಿ ಮುಂದ ಕೈ ತಗೀಬ್ಯಾಡ," ಎಂದಷ್ಟೇ ಹೇಳಿದಳು. ಅವ್ವನೂ ಹೆದರಿದ್ದಾಳೆ ಎಂದು ಆಗ ತಿಳಿಯಿತು. ಅದು ನನ್ನ ಹೆದರಿಕೆಗಿಂತ ಭಾರವಾಗಿತ್ತು.

ತುಪ್ಪ ಹಚ್ಚಿದರೆ ಉರಿ ಇಳಿಯುತ್ತಿತ್ತು. ಮರುದಿನ ಲೋಷನ್ನಿನಲ್ಲಿ ಅದ್ದಿದರೆ ಇಳಿದದ್ದು ಏರುತ್ತಿತ್ತು. ಕಾರಣ ಕಣ್ಣ ಮುಂದೆ ಬೋಗುಣಿಯಲ್ಲೇ ಇತ್ತು. ಆದರೂ ಔಷಧವೇ ರೋಗ ಕೊಟ್ಟೀತೆಂದು ನಂಬಲು ನನಗಾಗಲಿಲ್ಲ.

ಹೊಸ ಡಾಕ್ಟರರು ಬಂದದ್ದು ಇಂಥ ಹೊತ್ತಿನಲ್ಲಿ. ಮೈಸೂರು ಸೀಮೆಯವರು, ಮೃದು ಮಾತಿನ ಹಿರಿಯರು. ಇಲ್ಲಿ ಸ್ವಲ್ಪ ಭಾಷೆಯ ವಿಚಾರಕ್ಕೆ ಹೋಗಬೇಕು. ಮೈಸೂರಿನವರಿಗೆ ತಿಂಡಿ ಎಂದರೆ ಬೆಳಗಿನ ಉಪ್ಪಿಟ್ಟು, ದೋಸೆ. ನಾವು ಅದಕ್ಕೆ ನ್ಯಾರಿ ಎನ್ನುತ್ತೇವೆ. ನಮ್ಮ ಕಡೆ ತಿಂಡಿ ಎಂದರೆ ಮೈ ಕೆರೆತ, ತುರಿಕೆ. ಎರಡೂ ಕನ್ನಡವೇ. ಒಂದನ್ನು ನಾವು ತಿನ್ನುತ್ತೇವೆ, ಇನ್ನೊಂದು ನಮ್ಮನ್ನು ತಿನ್ನುತ್ತದೆ ಎಂದು ಈಗ ಸಮಾಧಾನವಾಗಿ ವಿವರಿಸಬಲ್ಲೆ. ಆಗ ಈ ಪಾಂಡಿತ್ಯ ಇರಲಿಲ್ಲ.

ಮೊದಲ ದಿನ ಬೆಳಗ್ಗೆ ಅವರು ಒಳಗೆ ಬಂದು ಕೋಟು ತೂಗುಹಾಕಿ, ನನ್ನತ್ತ ತಿರುಗಿ ನಗುತ್ತ ಕೇಳಿದರು:

"ತಿಂಡಿ ಆಯ್ತೇನಮ್ಮಾ?"

ನನ್ನ ಕೈಗಳು ಸೆರಗಿನೊಳಗೇ ಇದ್ದವು. ಈ ಮನುಷ್ಯ ಬಂದು ಎರಡು ನಿಮಿಷವಾಗಿಲ್ಲ, ಮುಖ ನೋಡಿಯೇ ರೋಗ ಹೇಳಿಬಿಟ್ಟರಲ್ಲ. ಇಂಥ ವೈದ್ಯರ ಮುಂದೆ ಸುಳ್ಳು ನಡೆಯದು ಎನಿಸಿತು.

"ಆಗತೈತ್ರಿ," ಎಂದೆ, ತಲೆ ತಗ್ಗಿಸಿ. "ಸಂಜಿ ಮುಂದ ಭಾಳ ಆಗತೈತ್ರಿ."

ಅವರು ಸ್ವಲ್ಪ ಗೊಂದಲಕ್ಕೊಳಗಾದರು. "ಸಂಜೆ ತಿಂಡಿ ಮಾಡ್ತೀರಾ? ಬೆಳಗ್ಗೆ ಇಲ್ವೇ?"

"ಬೆಳಿಗ್ಗೆನೂ ಆಗತೈತ್ರಿ. ಉಂಡ ಮ್ಯಾಲೂ ಆಗತೈತ್ರಿ. ತಡಕೊಳ್ಳಾಕ ಆಗೂದಿಲ್ರಿ."

"ಊಟ ಆದ ಮೇಲೂ ತಿಂಡಿಯೇ?" ಎಂದು ಅವರು ನನ್ನ ತೆಳ್ಳಗಿನ ದೇಹವನ್ನು ಮೇಲಿಂದ ಕೆಳಗೆ ನೋಡಿದರು. "ಏನು ತಿಂಡಿ ಅಮ್ಮಾ ಅದು?"

"ಬೆರಳ ಸಂದ್ಯಾಗಿಂದು ರೀ," ಎಂದು ಎರಡೂ ಕೈಗಳನ್ನು ಹೊರಗೆ ತೆಗೆದು ಅವರ ಮುಂದೆ ಹಿಡಿದೆ.

ಈ ಸಲ ದಂಗಾದವರು ಡಾಕ್ಟರರು. ಬಾಗಿಲಲ್ಲಿ ನಿಂತಿದ್ದ ಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಸಾಹೇಬ್ರು ನ್ಯಾರಿ ಆತೇನು ಅಂತ ಕೇಳಾಕತ್ತಾರ ಬಾಯಾರ," ಎಂದಳು.

ನಗುವಂತೆಯೂ ಇರಲಿಲ್ಲ, ಅಳುವಂತೆಯೂ ಇರಲಿಲ್ಲ. ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು ಒಂದು ಉಪ್ಪಿಟ್ಟಿನ ಮಾತಿಗೆ ಹೊರಬಿದ್ದಿತ್ತು. ಡಾಕ್ಟರರು ನಗಲಿಲ್ಲ. ಕಿಟಕಿಯ ಬೆಳಕಿಗೆ ಕರೆದು ಕೈ ತಿರುಗಿಸಿ ನೋಡಿದರು. ನನ್ನ ಸೂಜಿಯ ತೂತುಗಳನ್ನು ನೋಡಿ ಇವು ಏನೆಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಕುಷ್ಠ ಅಲ್ಲಮ್ಮಾ. ಕಾರ್ಬಾಲಿಕ್ ನಿಮ್ಮ ಚರ್ಮಕ್ಕೆ ಒಗ್ಗೋದಿಲ್ಲ, ಅಷ್ಟೇ. ನಿಮ್ಮ ಆಯಾಗೆ ಒಗ್ಗಿದೆ, ನಿಮಗೆ ಒಗ್ಗಿಲ್ಲ. ಅದು ನಿಮ್ಮ ತಪ್ಪಲ್ಲ," ಎಂದರು. ಲೋಷನ್ ಬಿಟ್ಟು ಕಾಯಿಸಿದ ನೀರು, ಸಾಬೂನು ಬಳಸಬೇಕು, ಅವ್ವನ ತುಪ್ಪ ಹಚ್ಚುತ್ತಿರಬೇಕು, ಗಾಯ ಕಟ್ಟುವ ಕೆಲಸ ಕೆಲವು ವಾರ ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಅಲರ್ಜಿ ಎಂಬ ಮಾತು ಆಗಿನ್ನೂ ನಮ್ಮ ಕಡೆಯವರ ಬಾಯಿಗೆ ಬಂದಿರಲಿಲ್ಲ. ಒಗ್ಗುವುದು ಎಂಬ ಮಾತು ನನಗೆ ಈಗಲೂ ಅದಕ್ಕಿಂತ ಇಷ್ಟ. ಹೊಸ ಊರಿನ ನೀರು ಒಗ್ಗುವುದಿಲ್ಲ, ಹೊಸ ಸೊಸೆಗೆ ಅತ್ತೆಯ ಮನೆ ಒಗ್ಗುವುದಿಲ್ಲ. ಅದರಲ್ಲಿ ಯಾರ ಮೇಲೂ ದೂರಿಲ್ಲ. ಆ ದಿನ ನ್ಯಾರಿ ಎರಡು ಸಲ ಮಾಡಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಗುವ ಕಥೆಯಾಗಿಯೇ ಉಳಿಯುತ್ತಿತ್ತು.

ಎರಡು ವಾರದ ಬಳಿಕ ಶ್ರಾವಣದ ಒಂದು ಬೆಳಗ್ಗೆ ಡಾಕ್ಟರರು ಔಷಧ ತರಲು ಗೋಕಾಕಕ್ಕೆ ಹೋದರು. ಹೊಳೆ ತುಂಬಿ ದಾರಿ ಕಟ್ಟಿತು, ಸಂಜೆಗೆ ಬರಬೇಕಾದವರು ಬರುವಂತಿರಲಿಲ್ಲ. ಮಧ್ಯಾಹ್ನ ಒಂದು ಚಕ್ಕಡಿ ಬಂದು ನಿಂತಿತು. ನಮ್ಮ ದವಾಖಾನೆಗೆ ಹೆರಿಗೆಯವರು ಬರುತ್ತಿದ್ದುದೇ ಅಪರೂಪ. ಮನೆಯಲ್ಲಿ ಸೂಲಗಿತ್ತಿಯ ಕೈಲಿ ಆಗದಿದ್ದಾಗ ಮಾತ್ರ ತರುತ್ತಿದ್ದರು. ಚಕ್ಕಡಿಯಲ್ಲಿ ಹತ್ತೊಂಬತ್ತರ ನೀಲವ್ವ, ಹಿಂದಿನ ದಿನದಿಂದ ಹೆರಿಗೆಯ ಬ್ಯಾನೆ ತಿಂದು ಸೋತು ಮಲಗಿದ್ದಳು. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅತ್ತೆ ಸತ್ಯವ್ವ, ಮಾತು ಕಡಿಮೆಯ ಗಟ್ಟಿ ಹೆಂಗಸು.

ಪರೀಕ್ಷೆಯಲ್ಲಿ ಹೆರಿಗೆಯ ವಿಷಯಕ್ಕೆ ನಮ್ಮ ವರ್ಗದಲ್ಲಿ ಮೊದಲನೆಯವಳು ನಾನು. ನೀಲವ್ವನನ್ನು ಒಳಗೆ ಮಲಗಿಸಿ, ನೀರು ಕಾಯಿಸಲು ಹೇಳಿ, ತೋಳು ಮಡಿಚಿಕೊಂಡು ಮುಂದೆ ಬಂದೆ. ಸತ್ಯವ್ವ ಅಡ್ಡ ನಿಂತಳು.

"ತಡೀರಿ ಬಾಯಾರ. ಕೈ ತೋರಸ್ರಿ."

ತೋರಿಸಿದೆ. ಅರ್ಧ ಒಣಗಿದ್ದವು, ಅರ್ಧ ಇನ್ನೂ ಬಿರಿದಿದ್ದವು.

"ಈ ಕೈ ನನ್ನ ಸೊಸಿಗೆ ಹಚ್ಚಬ್ಯಾಡ್ರಿ."

ಇಷ್ಟು ದಿನ ಹೆದರಿದ್ದ ಮಾತು ಬಂದೇಬಿಟ್ಟಿತು. ನನಗೆ ಸಿಟ್ಟು ಬಂತು. "ಇದು ದೊಡ್ಡ ರೋಗ ಅಲ್ರಿ ಅವ್ವಾರ. ಔಷಧದ ನೀರಿಲೆ ಆಗೈತಿ. ಡಾಕ್ಟರ್ ಸಾಹೇಬ್ರ ಹೇಳ್ಯಾರ."

"ನಾ ದೊಡ್ಡ ರೋಗ ಅಂದಿಲ್ರಿ," ಎಂದಳು ಸತ್ಯವ್ವ. ದನಿ ಏರಲಿಲ್ಲ. "ಯಾತರಿಲೆ ಆದರೂ ಹುಣ್ಣು ಹುಣ್ಣ. ನನ್ನ ಹಿರೀ ಸೊಸಿಗೆ ಹೆರಿಗಿ ಮಾಡಿಸಿದಾಕಿ ಬೆರಳಿಗೆ ಹುಣ್ಣಿತ್ತು. ನಾ ನೋಡಿದ್ದೆ. ಏನರ ಅಂದ್ರ ಆಕಿಗೆ ಬ್ಯಾಸರ ಆದೀತು ಅಂತ ಅನ್ನಲಿಲ್ಲ. ಐದನೇ ದಿನಕ್ಕ ಚಳಿಜ್ವರ ಬಂತು. ಒಂಬತ್ತನೇ ದಿನಕ್ಕ ಮಣ್ಣ ಮಾಡಿ ಬಂದ್ವಿ. ಈ ಸಲ ಅನ್ನಾಕತ್ತೇನಿ."

ಗಾಯವಾದ ಕೈಯವಳು ಹೆರುವವಳನ್ನು ಮುಟ್ಟಬಾರದು, ಆ ಗಾಯದ ವಿಷ ಬಾಣಂತಿಯ ರಕ್ತಕ್ಕೆ ಸೇರುತ್ತದೆ. ಇದನ್ನು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು. ನನ್ನ ಕೈಗೆ ಏನಾಗಿದೆ, ಮಂದಿ ಏನೆಂದಾರು ಎಂದು ಎರಡೂವರೆ ತಿಂಗಳು ಚಿಂತಿಸಿದ್ದೆನೇ ಹೊರತು, ಈ ಕೈಯಿಂದ ಇನ್ನೊಬ್ಬರಿಗೆ ಏನಾದೀತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಕ್ಷರ ಬಾರದ ಹೆಂಗಸು ಒಂದು ಸಾವಿನಿಂದ ಕಲಿತದ್ದನ್ನು ನಾನು ಎರಡು ವರ್ಷ ಓದಿ ಮರೆತಿದ್ದೆ. ಸೂಜಿ ಚುಚ್ಚಿದಾಗಲೂ ನನಗೆ ಅಷ್ಟು ಚುರುಕ್ಕೆಂದಿರಲಿಲ್ಲ.

ಒಳಗೆ ನೀಲವ್ವ ನರಳಿದಳು. ಹೊಳೆಯ ಆಚೆ ಡಾಕ್ಟರರು. ಕೋಣೆಯಲ್ಲಿ ಗಾಯವಿಲ್ಲದ, ಲೋಷನ್ನಿಗೆ ಜಗ್ಗದ ಕೈಗಳೆಂದರೆ ಎರಡೇ. ಅವು ಗಂಗವ್ವನವು.

"ಗಂಗಕ್ಕಾ, ಕೈ ತೊಳ್ಕೊ," ಎಂದೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ನಾ ಹಡದಾಕಿ ಅಲ್ಲ, ಹಡಿಸಿದಾಕಿನೂ ಅಲ್ಲ ಬಾಯಾರ. ನನ್ನ ಕೈಲೆ ಏನಾಗತೈತಿ?"

"ಕೈ ನಿಂದು, ಕಣ್ಣು ನಂದು. ನಾ ಹೇಳಿದಷ್ಟ ಮಾಡು. ಹೇಳದ್ದು ಮಾಡಬ್ಯಾಡ."

ಉಗುರು ಕತ್ತರಿಸಿ, ಸಾಬೂನಿನಿಂದ ತಿಕ್ಕಿ, ಆಮೇಲೆ ಲೋಷನ್ನಿನಲ್ಲಿ ಗಡಿಯಾರ ನೋಡಿ ಐದು ನಿಮಿಷ. ಆ ಕೈಗಳಿಗೆ ಏನೂ ಆಗಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಂಚದ ಬದಿ ನಿಂತೆ. ಕೈ ತಾನಾಗಿ ಮುಂದೆ ಹೋಗದಿರಲೆಂದು ಒಂದರಿಂದ ಇನ್ನೊಂದರ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದೆ. ಕೆಲಸ ಬಲ್ಲವಳಿಗೆ ನೋಡುತ್ತ ನಿಲ್ಲುವುದರಷ್ಟು ಕಷ್ಟ ಬೇರೆ ಇಲ್ಲ. ಹೇಳುವುದಕ್ಕೆ ಮಾತೂ ಸಿಗುತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ನಾನು ಅದುವರೆಗೆ ಬಾಯಿಗೆ ಕಲಿಸಿರಲೇ ಇಲ್ಲ.

ಸತ್ಯವ್ವ ಸೊಸೆಯ ಹೆಗಲು ಹಿಡಿದು ಕುಳಿತಳು. ಒಂದು ತಾಸಿನ ಮೇಲೆ ತಲೆ ಕಂಡಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಗಂಗವ್ವ ಬಳ್ಳಿಗೆ ಕೈ ಹಾಕಿದಳು.

"ಜಗ್ಗಬ್ಯಾಡ. ಬೆರಳ ಅದರ ಕೆಳಗ ತೂರಸು. ಹೂಂ. ಈಗ ಕೊಳ್ಳಾಗಿನ ಮಾಲಿ ತಲಿ ಮ್ಯಾಲಿಂದ ತಗೀತೀವಲ್ಲ, ಹಂಗ ತಗಿ. ಸಾವಕಾಶ."

ಅವಳು ಹಾಗೆಯೇ ತೆಗೆದಳು. ನೆಲ ಒರೆಸುವ ಆ ದಪ್ಪ ಬೆರಳುಗಳು ಹೂ ಬಿಡಿಸುವಷ್ಟು ಹಗುರಾಗಿ ಆಡಿದವು. ಕೂಸು ಬಂತು, ಹೆಣ್ಣು. ನೀಲಿಗಟ್ಟಿತ್ತು. ಅಳಲಿಲ್ಲ. ಬೆನ್ನು ತಿಕ್ಕಿಸಿದೆ, ಬಾಯಿ ಒರೆಸಲು ಹೇಳಿದೆ. ಅಳಲಿಲ್ಲ. ಗಂಗವ್ವ ನನ್ನ ಮುಖ ನೋಡಿದಳು. ಉಸಿರು ಕೊಡುವುದು ಬಾಯಲ್ಲಿ ಹೇಳಿಕೊಡುವ ಕೆಲಸವಾಗಿರಲಿಲ್ಲ.

"ಹಿಡಕೊ," ಎಂದು, ಕೈ ಹಿಂದೆ ಕಟ್ಟಿಕೊಂಡೇ ಬಾಗಿ, ತೆಳುವಾದ ಕುದಿಸಿದ ಬಟ್ಟೆಯ ಮೇಲಿಂದ ಅದರ ಬಾಯಿ ಮೂಗಿನ ಮೇಲೆ ಬಾಯಿಟ್ಟು ಸಣ್ಣಗೆ ಊದಿದೆ. ಕೆನ್ನೆಯಲ್ಲಿ ಹಿಡಿದಷ್ಟೇ ಗಾಳಿ. ಒಂದು ಸಲ, ಎರಡು ಸಲ. ಎಷ್ಟು ಸಲವೋ ಎಣಿಸಲಿಲ್ಲ. ಕೊನೆಗೆ ನನ್ನ ತುಟಿಯ ಕೆಳಗೆ ಏನೋ ಅಲುಗಿತು. ಕೂಸು ಸೀನಿದಂತೆ ಮಾಡಿ, ಬಾಯಿ ತೆರೆದು, ಇಡೀ ದವಾಖಾನೆಗೆ ಕೇಳುವಂತೆ ಅತ್ತಿತು.

ಸತ್ಯವ್ವ ತಾನೂ ಅತ್ತಳು, ದನಿಯಿಲ್ಲದೆ. ಗಂಗವ್ವ ತನ್ನ ಎರಡು ಅಂಗೈಗಳನ್ನು ಬೇರೆ ಯಾರವೋ ಎಂಬಂತೆ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು.

ಆಮೇಲಿನ ಹತ್ತು ದಿನ ನೀಲವ್ವನನ್ನು ಅಲ್ಲೇ ಇರಿಸಿಕೊಂಡೆವು. ದಿನಕ್ಕೆ ನಾಲ್ಕು ಸಲ ಜ್ವರ ನೋಡುತ್ತಿದ್ದೆ. ಐದನೆಯ ದಿನ ಸತ್ಯವ್ವ ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ, ಯಾಕೆಂದು ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಜ್ವರ ಬರಲಿಲ್ಲ. ಹತ್ತನೆಯ ದಿನ ಚಕ್ಕಡಿ ಹತ್ತುವ ಮುಂಚೆ ಸತ್ಯವ್ವ ನನ್ನ ಹತ್ತಿರ ಬಂದು, "ಸಿಟ್ಟಾಗಿದ್ರೇನ್ರಿ?" ಎಂದಳು. "ಆಗಿದ್ದೆ," ಎಂದೆ. "ಆಗ್ರಿ, ಪರವಾಗಿಲ್ಲ," ಎಂದು ನನ್ನ ಬಿರಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಒಮ್ಮೆ ಒತ್ತಿ ಹೋದಳು.

ಹೊಳೆ ಇಳಿದೊಡನೆ ಗೋಕಾಕದಿಂದ ಮರಳಿದ್ದ ಡಾಕ್ಟರರು ಎಲ್ಲವನ್ನೂ ಕೇಳಿ, ಮುಂಬಯಿಯಿಂದ ರಬ್ಬರಿನ ಕೈಗವಸು ತರಿಸಿದರು. ಬಹಳ ಖುಷಿಯಿಂದ ತೊಟ್ಟೆ. ನಾಲ್ಕನೆಯ ದಿನಕ್ಕೆ ರಬ್ಬರು ಮುಟ್ಟಿದಷ್ಟು ದೂರ ಮತ್ತೆ ಗುಳ್ಳೆ ಎದ್ದು ಇನ್ನೊಂದು ಕೈಗವಸು ತೊಟ್ಟಂತೆ ಕಂಡಿತು. ಡಾಕ್ಟರರು ಅದನ್ನು ನೋಡಿ ಕುರ್ಚಿಗೆ ಒರಗಿದರು. ನನ್ನ ಚರ್ಮಕ್ಕೆ ವೈದ್ಯಶಾಸ್ತ್ರದ ಹಳೆಯದೂ ಒಗ್ಗುವುದಿಲ್ಲ, ಹೊಸದೂ ಒಗ್ಗುವುದಿಲ್ಲ ಎಂದು ಆಗ ಇತ್ಯರ್ಥವಾಯಿತು.

ಕೆಲಸ ಹೋಯಿತೆಂದೇ ತಿಳಿದಿದ್ದೆ. ಡಾಕ್ಟರರು ಬೇರೆಯೇ ಯೋಚಿಸಿದ್ದರು. ಗೋಕಾಕದಲ್ಲಿ ಹಳ್ಳಿಯ ಸೂಲಗಿತ್ತಿಯರಿಗೆ ವಾರಕ್ಕೊಂದು ದಿನ ಪಾಠ ಹೇಳುವ ಏರ್ಪಾಡು ಶುರುವಾಗುವುದಿತ್ತು. "ಕೈಯಿಂದ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಬಾಯಲ್ಲಿ ಹೇಳಿ ಮಾಡಿಸಿದೋರು ನೀವೊಬ್ಬರೇ," ಎಂದು ನನ್ನನ್ನು ಅಲ್ಲಿಗೆ ಕಳಿಸಿದರು. ಪಾಠಕ್ಕೆ ಒಂದು ಕೂಸು ಬೇಕಲ್ಲ. ಗೋಕಾಕದ ಗೊಂಬೆ ಮಾಡುವವರಿಗೆ ಹೇಳಿ ಕಟ್ಟಿಗೆಯ ಕೂಸು ಮಾಡಿಸಿದೆ. ಅವರು ಬಣ್ಣ ಬಳಿದು, ಹಣೆಗೆ ಕುಂಕುಮ ಇಟ್ಟು, ಮೀಸೆಯೊಂದನ್ನು ಬಿಟ್ಟು ಬೇರೆಲ್ಲ ಅಲಂಕಾರ ಮಾಡಿಕೊಟ್ಟರು.

ಮೊದಲ ಪಾಠಕ್ಕೆ ಎಂಟು ಮಂದಿ ಬಂದಿದ್ದರು, ಎಲ್ಲರೂ ನನ್ನ ಅವ್ವನ ವಯಸ್ಸಿನವರು. ಒಬ್ಬೊಬ್ಬರೇ ಗೊಂಬೆ ಎತ್ತಿಕೊಂಡು ತೋರಿಸಬೇಕಿತ್ತು. ಭಾಗವ್ವ ಎಂಬ ಹಿರಿಯಳ ಸರದಿ ಬಂದಾಗ, "ನನಗ ಬರತೈತಿ ಬಿಡ್ರಿ," ಎಂದು ಗೋಡೆಗೆ ಸರಿದು ಕುಳಿತಳು. ಎರಡೂ ಕೈ ಸೆರಗಿನೊಳಗಿದ್ದವು. ಪಾಠ ಮುಗಿದ ಮೇಲೆ ಅವಳನ್ನು ಪಡಸಾಲೆಗೆ ಕರೆದು, "ಎಷ್ಟ ದಿನ ಆತ್ರಿ?" ಎಂದು ಕೇಳಿದೆ.

ಅವಳು ಬೆಚ್ಚಿಬಿದ್ದಳು. ಆಮೇಲೆ ಅಂಗೈ ಬಿಚ್ಚಿದಳು. ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ ತಿಕ್ಕಿ ಚರ್ಮ ಸುಟ್ಟು ಒಡೆದಿತ್ತು. "ಸುಗ್ಗಿ ಮುಂದಿಂದ ಐತ್ರಿ. ಯಾರಿಗೂ ಹೇಳಿಲ್ಲ," ಎಂದಳು.

ಅವ್ವನ ತುಪ್ಪದ ಡಬ್ಬಿಯಿಂದ ಸ್ವಲ್ಪ ಕೊಟ್ಟೆ. ಒಣಗುವ ತನಕ ಯಾವ ಬಾಣಂತಿಯನ್ನೂ ಮುಟ್ಟಬಾರದೆಂದು, ಯಾಕೆಂದು, ಸತ್ಯವ್ವ ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ತುಪ್ಪ ಹಚ್ಚಿಕೊಳ್ಳುತ್ತ ಕೇಳಿದಳು. ಆಮೇಲೆ, "ಊರಾಗ ಒಬ್ಬಾಕಿ ದಿನ ತುಂಬಿ ಕುಂತಾಳ್ರಿ. ಆಕಿಗೆ ಯಾರ ಮಾಡಸ್ತಾರ?" ಎಂದಳು.

"ಮನ್ಯಾಗ ಸೊಸಿ ಅದಾಳಲ್ರಿ? ನೀವು ಬಾಯಿಲೆ ಹೇಳ್ರಿ, ಆಕಿ ಕೈಲೆ ಮಾಡ್ಲಿ."

ಭಾಗವ್ವ ನನ್ನನ್ನು ಮರುಕದಿಂದ ನೋಡಿದಳು. "ಆಕಿಗೆ ಹದಿನೈದ ವರ್ಷದಿಂದ ಬಾಯಿಲೆ ಹೇಳಾಕತ್ತೇನ್ರಿ. ಒಂದರ ಕೇಳಿದ್ರ ಹೌದಲ್ಲ?"

ಮುಂದಿನ ವಾರ ಅವಳು ಎಲ್ಲರಿಗಿಂತ ಮೊದಲು ಬಂದು ಪಡಸಾಲೆಯಲ್ಲಿ ಕಾಯುತ್ತಿದ್ದಳು. ಹೆರಿಗೆ ಹೇಗಾಯಿತೆಂದು ಕೇಳಿದೆ.

"ಅದು ಆತ್ರಿ. ತಾಯಿ ಕೂಸು ಇಬ್ಬರೂ ಗಟ್ಟಿ ಅದಾರ," ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟಳು. ಅವಳು ತಂದ ಸುದ್ದಿ ಅದಾಗಿರಲಿಲ್ಲ. ಇನ್ನೂ ತನಗೇ ನಂಬಿಕೆ ಬಾರದವಳಂತೆ, ಕಣ್ಣು ದೊಡ್ಡದು ಮಾಡಿ, ದನಿ ತಗ್ಗಿಸಿ ಹೇಳಿದಳು:

"ಸೊಸಿ ಕೇಳಿದ್ಲರಿ. ನಾ ಅಂದದ್ದೆಲ್ಲಾ ಕೇಳಿದ್ಲು."